ಬೈಕಿನಲ್ಲಿ ಒಬ್ಬರೇ ದೂರ ಹೊರಡುವವರಿಗೆ: ತಯಾರಿಯಿಂದ ವಾಪಸ್ ಬರುವವರೆಗೆ

ಮೊದಲ ಸಲ ಒಬ್ಬನೇ ದೂರದ ರೈಡ್‌ಗೆ ಹೋದಾಗ ಮೊದಲ ದಿನವೇ 620 ಕಿ.ಮೀ. ಓಡಿಸಿದ್ದೆ. ಸಂಜೆ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದಾಗ ಒಂದು ವಿಷಯ ಹೊಳೆಯಿತು. ಕೊನೆಯ ಇಪ್ಪತ್ತು ಕಿಲೋಮೀಟರ್ ದಾರಿ ನನಗೆ ನೆನಪೇ ಇರಲಿಲ್ಲ. ಎಷ್ಟು ತಿರುವು ಬಂತು, ಎಷ್ಟು ಲಾರಿ ದಾಟಿದೆ, ಏನೂ ಗೊತ್ತಿಲ್ಲ. ಕೈಕಾಲು ಬೈಕ್ ಓಡಿಸುತ್ತಿದ್ದವು, ತಲೆ ಎಲ್ಲೋ ಮಲಗಿತ್ತು. ಅದಕ್ಕೂ ಒಂದು ಗಂಟೆ ಮೊದಲು ಒಂದು ಊರಿನಲ್ಲಿ ‘ಇಲ್ಲೇ ಉಳಿದುಬಿಡೋಣವಾ’ ಅಂತ ಯೋಚಿಸಿದ್ದೆ. ‘ಏನಿಲ್ಲ, ಚೆನ್ನಾಗೇ ಇದ್ದೀನಿ’ ಅಂತ ನನಗೆ ನಾನೇ ಉತ್ತರ ಕೊಟ್ಟುಕೊಂಡು ಮುಂದೆ ಹೋಗಿದ್ದೆ.

ಜೊತೆಗೆ ಇನ್ನೊಬ್ಬರಿದ್ದಿದ್ದರೆ ಬೈದು ನಿಲ್ಲಿಸುತ್ತಿದ್ದರು. ಒಬ್ಬರೇ ಹೋದರೆ ಬೈಯುವವರಿಲ್ಲ. ಕೇಳಬೇಕೆಂದರೆ ನಿಮ್ಮ ತಲೆಯನ್ನೇ ಕೇಳಬೇಕು, ದಣಿದ ತಲೆ ಸುಳ್ಳು ಹೇಳುತ್ತದೆ. ಹಾಗಾಗಿ ದಾರಿಯಲ್ಲಿ ಮಾಡಬೇಕಾದ ದೊಡ್ಡ ತೀರ್ಮಾನಗಳನ್ನು ಮನೆಯಲ್ಲೇ, ತಲೆ ತಣ್ಣಗಿರುವಾಗಲೇ ಮಾಡಿಟ್ಟುಕೊಳ್ಳಬೇಕು. ನನ್ನ ಪೆಟ್ರೋಲ್ ಟ್ಯಾಂಕ್ ಮೇಲೆ ಈಗ ಒಂದು ಚೀಟಿ ಇರುತ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಿ ಟೇಪ್ ಸುತ್ತಿರುತ್ತೇನೆ. ಅದರಲ್ಲಿ ಮೊದಲು ಬರೆದದ್ದು ನಾಲ್ಕೇ ಸಾಲು:

ಸಂಜೆ 5ಕ್ಕೆ ಗಾಡಿ ನಿಲ್ಲಬೇಕು.
ಅರ್ಧ ಟ್ಯಾಂಕ್ ಆದರೆ ಮುಂದಿನ ಬಂಕ್‌ನಲ್ಲೇ ಪೆಟ್ರೋಲ್.
ದಾಟಿ ಬಂದ ದಾರಿ ನೆನಪಿಲ್ಲ ಅಂದ್ರೆ ಅಲ್ಲೇ ನಿಲ್ಲು.
ರಾತ್ರಿ 8ಕ್ಕೆ ಮನೆಗೆ ಮೆಸೇಜ್.

ಈ ನಾಲ್ಕು ಸಾಲು ಎಲ್ಲಿಂದ ಬಂದವು, ಅದರ ಹಿಂದೆ ಏನೇನು ತಯಾರಿ ಬೇಕು ಅನ್ನೋದನ್ನು ಕ್ರಮವಾಗಿ ಹೇಳುತ್ತೇನೆ.

1. ದೂರದ ಲೆಕ್ಕ

ಫೋನಿನ ಮ್ಯಾಪ್ ತೋರಿಸುವ ಸಮಯವನ್ನು ನಂಬಬೇಡಿ. ಅದು ನಿಮ್ಮ ಬೆನ್ನುನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸ್ಪೀಡೋಮೀಟರ್ 80 ತೋರಿಸುತ್ತಿದ್ದರೂ ಪೆಟ್ರೋಲ್, ಊಟ, ನೀರು, ದಾರಿ ತಪ್ಪುವುದು ಎಲ್ಲ ಸೇರಿದರೆ ಇಡೀ ದಿನದ ಸರಾಸರಿ ಗಂಟೆಗೆ 50 ಕಿ.ಮೀ. ಬಂದರೆ ಒಳ್ಳೆಯದೇ. ಅಂದರೆ 400 ಕಿ.ಮೀ. ಎಂದರೆ ಎಂಟು ಗಂಟೆ. ಬೆಟ್ಟದ ರಸ್ತೆಯಾದರೆ ಗಂಟೆಗೆ 30 ಇಟ್ಟುಕೊಳ್ಳಿ.

ಮೊದಲ ಸಲ ಹೋಗುವವರು ದಿನಕ್ಕೆ 300 ಕಿ.ಮೀ. ಮೀರದಿದ್ದರೆ ಸಾಕು. ಒಂದೇ ದಿನ 500 ಓಡಿಸುವುದು ಅಂಥ ಕಷ್ಟವಲ್ಲ. ಮರುದಿನ ಅದೇ ಮೈಯಲ್ಲಿ ಮತ್ತೆ ಹತ್ತಿ ಕೂರುವುದು ಕಷ್ಟ. ದಣಿವು ದಿನದಿಂದ ದಿನಕ್ಕೆ ಸಾಲದ ಹಾಗೆ ಬೆಳೆಯುತ್ತದೆ, ಮೂರನೇ ದಿನ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಗಾಡಿ ಮುಟ್ಟದ ಒಂದು ದಿನ ಇಟ್ಟುಕೊಳ್ಳಿ. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಎಂಬ ಬೈಕ್ ಸವಾರರ ಸಂಘ 24 ಗಂಟೆಯಲ್ಲಿ 1,000 ಮೈಲಿ, ಅಂದರೆ ಸುಮಾರು 1,600 ಕಿ.ಮೀ. ಓಡಿಸಿದವರಿಗೆ ಪ್ರಮಾಣಪತ್ರ ಕೊಡುತ್ತದೆ. ಅದಕ್ಕೆ ಬೇರೆಯದೇ ಅಭ್ಯಾಸ ಬೇಕು. ಊರು ನೋಡಲು ಹೊರಟವರಿಗೆ ಆ ಲೆಕ್ಕ ಬೇಡ.

ನಿಲ್ಲುವ ಹೊತ್ತನ್ನು ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲಿಗೆ ಇಟ್ಟುಕೊಳ್ಳಿ. ಆ ಒಂದು ಗಂಟೆ ಪಂಕ್ಚರ್‌ಗೆ, ರೂಮ್ ಸಿಗದಿದ್ದರೆ ಹುಡುಕುವುದಕ್ಕೆ. ಪ್ರತಿ ದಿನಕ್ಕೂ ಎರಡು ಊರು ಬರೆದಿಡಿ. ಒಂದು ನೀವು ತಲುಪಬೇಕು ಅಂದುಕೊಂಡ ಊರು. ಇನ್ನೊಂದು ಅದಕ್ಕಿಂತ 70-80 ಕಿ.ಮೀ. ಮೊದಲೇ ಸಿಗುವ, ಉಳಿಯಲು ಜಾಗವಿರುವ ಊರು. ಎರಡನೆಯದರ ಹೆಸರು ಕೈಯಲ್ಲಿದ್ದರೆ ದಣಿದಾಗ ನಿಲ್ಲುವುದು ಸೋಲು ಅನ್ನಿಸುವುದಿಲ್ಲ. ಅದೂ ಪ್ಲಾನ್‌ನಲ್ಲಿ ಇದ್ದದ್ದೇ ಅಲ್ವಾ?

ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ, ನೆಟ್‌ವರ್ಕ್ ಇಲ್ಲದ ಕಡೆಯೂ ಬೇಕಾಗುತ್ತದೆ. ದಿನದ ದಾರಿಯಲ್ಲಿ ಸಿಗುವ ಊರುಗಳ ಹೆಸರು, ನಡುವಿನ ದೂರ ಇಷ್ಟನ್ನು ಒಂದು ಕಾಗದದಲ್ಲೂ ಬರೆದುಕೊಳ್ಳಿ. ಮಳೆಯಲ್ಲಿ, ಚಳಿಯಲ್ಲಿ ಫೋನ್ ಯಾವಾಗ ಕೈಕೊಡುತ್ತದೋ ಹೇಳಲಾಗದು.

ಪೆಟ್ರೋಲ್ ಲೆಕ್ಕವನ್ನೂ ಇಲ್ಲೇ ಮುಗಿಸಿ. ಟ್ಯಾಂಕ್ 12 ಲೀಟರ್, ಮೈಲೇಜ್ 35 ಅಂದುಕೊಳ್ಳಿ. ಕಾಗದದ ಮೇಲೆ 420 ಕಿ.ಮೀ. ಬರುತ್ತದೆ. ಆದರೆ ಲಗೇಜ್ ಭಾರ, ಏರು, ಎದುರುಗಾಳಿ, ವೇಗ ಎಲ್ಲ ಸೇರಿ ಕಾಲು ಭಾಗ ತಿಂದರೆ ಉಳಿಯುವುದು 315. ಅದರಲ್ಲಿ ಕೊನೆಯ 60-70 ಕಿ.ಮೀ. ಆಪತ್ತಿಗೆ. ಅಲ್ಲಿಗೆ 420ರ ಟ್ಯಾಂಕ್ ನಿಜವಾಗಿ 250ರ ಟ್ಯಾಂಕ್. ಪೆಟ್ರೋಲ್ ಹಾಕಿಸಿದಾಗಲೆಲ್ಲ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಅದನ್ನು ನೋಡಿಕೊಂಡು ಓಡಿಸಿ. ಇಳಿಜಾರಿನಲ್ಲಿ ಪೆಟ್ರೋಲ್ ಮುಳ್ಳು ಒಂದು ಹೇಳುತ್ತದೆ, ಏರಿನಲ್ಲಿ ಇನ್ನೊಂದು.

2. ಗಾಡಿ

‘ಯಾವ ಬೈಕ್ ತಗೊಳ್ಳಲಿ’ ಅನ್ನೋ ಪ್ರಶ್ನೆಗೆ ನನ್ನ ಉತ್ತರ: ಈಗ ಇರುವುದೇ. ಲಂಡನ್ನಿನ ಆರ್ಕಿಟೆಕ್ಚರ್ ವಿದ್ಯಾರ್ಥಿನಿ ಎಲ್ಸ್‌ಪೆತ್ ಬಿಯರ್ಡ್ 1982ರಲ್ಲಿ ಒಬ್ಬರೇ ಪ್ರಪಂಚ ಸುತ್ತಲು ಹೊರಟಾಗ ಅವರ ಕೈಯಲ್ಲಿದ್ದದ್ದು 1974ರ ಹಳೆಯ ಬಿಎಂಡಬ್ಲ್ಯೂ ಆರ್60/6. 1973ರಲ್ಲಿ ಹೊರಟ ಬ್ರಿಟಿಷ್ ಪತ್ರಕರ್ತ ಟೆಡ್ ಸೈಮನ್ ನಾಲ್ಕು ವರ್ಷ ಪ್ರಪಂಚ ಸುತ್ತಿದ್ದು 500 ಸಿಸಿಯ ಟ್ರಯಂಫ್‌ನಲ್ಲಿ. ನಿಮ್ಮ ಗಾಡಿ ಹೊಸದೋ ಹಳೆಯದೋ, ಅದರ ಮಾಮೂಲಿ ಸದ್ದು ನಿಮಗೆ ಗೊತ್ತಿರಬೇಕು. ಆಗ ಮಾತ್ರ ಹೊಸ ಸದ್ದು ಬಂದರೆ ಕಿವಿಗೆ ಬೀಳುತ್ತದೆ.

ಸರ್ವಿಸನ್ನು ಹೊರಡುವ ಹಿಂದಿನ ದಿನ ಮಾಡಿಸಬೇಡಿ. ಎರಡು ವಾರ ಮೊದಲೇ ಮಾಡಿಸಿ. ಆಮೇಲೆ ಪೂರ್ತಿ ಲಗೇಜ್ ಕಟ್ಟಿಕೊಂಡು 200-300 ಕಿ.ಮೀ. ಒಂದು ಸುತ್ತು ಹೋಗಿ ಬನ್ನಿ. ಇದನ್ನು ನಾನು ಕಲಿತದ್ದು ಕೆಟ್ಟ ರೀತಿಯಲ್ಲಿ. ಒಮ್ಮೆ ಹಿಂದಿನ ದಿನ ಸಂಜೆ ಸರ್ವಿಸ್ ಮಾಡಿಸಿದ್ದೆ. ಮೆಕ್ಯಾನಿಕ್ ಚೈನ್ ಚೆನ್ನಾಗಿ ಬಿಗಿ ಮಾಡಿ ಕೊಟ್ಟಿದ್ದರು, ನಾನೂ ಖುಷಿಯಾಗಿದ್ದೆ. ಬೆಳಿಗ್ಗೆ 150 ಕಿ.ಮೀ. ಹೋಗುವಷ್ಟರಲ್ಲಿ ಹಿಂದಿನಿಂದ ಕೊರಗುವ ಸದ್ದು ಶುರುವಾಯಿತು. ಆಗಿದ್ದು ಇಷ್ಟೇ: ಭಾರ ಬಿದ್ದು ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿದಾಗ ಹಿಂದಿನ ಚಕ್ರ ಸ್ವಲ್ಪ ದೂರ ಸರಿಯುತ್ತದೆ, ಚೈನ್ ಇನ್ನೂ ಬಿಗಿಯಾಗುತ್ತದೆ. ಖಾಲಿ ಗಾಡಿಯಲ್ಲಿ ಸರಿ ಕಾಣುವ ಬಿಗಿ ಲಗೇಜ್ ಹೇರಿದ ಮೇಲೆ ಚಕ್ರದ ಬೇರಿಂಗನ್ನೂ ಗೇರ್‌ಬಾಕ್ಸಿನ ಬೇರಿಂಗನ್ನೂ ತಿನ್ನತೊಡಗುತ್ತದೆ.

ಹಾಗಾಗಿ ಚೈನ್ ನೋಡಿಕೊಳ್ಳುವುದನ್ನು ನೀವೇ ಕಲಿಯಿರಿ. ಕೆಳಗಿನ ಚೈನಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ, ಅದು ಎಷ್ಟು ಓಲಾಡುತ್ತದೆ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಬಹಳಷ್ಟು ರೋಡ್ ಬೈಕ್‌ಗಳಲ್ಲಿ ಅದು 20ರಿಂದ 30 ಮಿ.ಮೀ. ಇರಬೇಕು. ಎತ್ತರದ ಸಸ್ಪೆನ್ಷನ್ ಇರುವ ಗಾಡಿಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ನಿಮ್ಮ ಗಾಡಿಯ ಲೆಕ್ಕ ಮ್ಯಾನುಯಲ್‌ನಲ್ಲಿರುತ್ತದೆ, ಅದೇ ಕೊನೆಯ ಮಾತು. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಅಳತೆ ಸರಿ ಮಾಡಿ. ಸುಮಾರು 500 ಕಿ.ಮೀ.ಗೆ ಒಮ್ಮೆ ಲ್ಯೂಬ್ ಹೊಡೆಯಿರಿ, ಮಳೆಯಲ್ಲಿ ಓಡಿಸಿದ್ದರೆ ಅದೇ ಸಂಜೆ. ಗಾಡಿ ನಿಲ್ಲಿಸಿದ ಕೂಡಲೇ ಚೈನ್ ಬಿಸಿ ಇರುವಾಗ, ಒಳಮೈಗೆ ಹೊಡೆದರೆ ಚೆನ್ನಾಗಿ ಇಳಿಯುತ್ತದೆ. ಆದರೆ ಇಂಜಿನ್ ಆಫ್ ಇರಲಿ, ಚಕ್ರ ಕೈಯಲ್ಲೇ ತಿರುಗಲಿ. ಗೇರಿಗೆ ಹಾಕಿ ಚಕ್ರ ತಿರುಗಿಸುತ್ತಾ ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ.

ಟೈರ್: ಮೇಲಿನ ಗೀರುಗಳ ಆಳ ಕನಿಷ್ಠ 1.6 ಮಿ.ಮೀ. ಇರಬೇಕು ಅನ್ನೋದು ಹಲವು ದೇಶಗಳ ನಿಯಮ. ದೂರದ ರೈಡ್‌ಗೆ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ನಾನು ಹೊರಡುವುದಿಲ್ಲ. ಹೆದ್ದಾರಿಯಲ್ಲಿ ಹಿಂದಿನ ಟೈರಿನ ನಡುಭಾಗ ಬೇಗ ಸವೆಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗೀರು ಚೆನ್ನಾಗಿದ್ದರೂ ರಬ್ಬರ್ ಹಳೆಯದಾಗಿ ಗಟ್ಟಿಯಾಗಿದ್ದರೆ ಮಳೆಯಲ್ಲಿ ಹಿಡಿತ ಸಿಗದು. ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿ. ಓಡಿಸಿ ಬಿಸಿಯಾದ ಟೈರ್ ಜಾಸ್ತಿ ತೋರಿಸುವುದು ಸಹಜ, ಅದನ್ನು ನೋಡಿ ಗಾಳಿ ಬಿಡಬೇಡಿ. ಲಗೇಜ್ ಇದ್ದಾಗ ಎಷ್ಟಿರಬೇಕು ಅನ್ನೋದು ಮ್ಯಾನುಯಲ್‌ನಲ್ಲಿ ಬೇರೆಯಾಗಿ ಕೊಟ್ಟಿರುತ್ತಾರೆ.

ಉಳಿದದ್ದು ಬೇಗ ಹೇಳುತ್ತೇನೆ. ಬ್ರೇಕ್ ಪ್ಯಾಡ್ ಅರ್ಧ ಸವೆದಿದ್ದರೆ ಬದಲಿಸಿಬಿಡಿ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಎರಡು ವರ್ಷವಾಗಿದ್ದರೆ ಅದೂ ಹೊಸದಾಗಲಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ತೋರಿಸಬೇಕು, ಇಂಜಿನ್ ಓಡುವಾಗ 13.5ರಿಂದ 14.5ರ ಒಳಗೆ. ಕ್ಲಚ್ ಕೇಬಲ್ ಸಾಮಾನ್ಯವಾಗಿ ಲಿವರಿನ ತುದಿಯಲ್ಲಿ ಎಳೆ ಬಿಡುತ್ತದೆ, ಅಲ್ಲಿ ನೋಡಿ. ಹೊಸ ಕೇಬಲ್ ಒಂದನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೇಪ್ ಸುತ್ತಿಟ್ಟರೆ ದಾರಿಯಲ್ಲಿ ಬದಲಿಸುವುದು ಹತ್ತು ನಿಮಿಷದ ಕೆಲಸ. ಕ್ಯಾರಿಯರ್, ಕನ್ನಡಿ, ನಂಬರ್ ಪ್ಲೇಟ್, ಸೈಲೆನ್ಸರ್, ಇವುಗಳ ನಟ್ಟು ಬೋಲ್ಟು ಬಿಗಿ ಮಾಡಿ ಅಡ್ಡಕ್ಕೆ ಒಂದು ಪೇಂಟ್ ಗೆರೆ ಎಳೆಯಿರಿ. ಗೆರೆ ಸರಿದಿದ್ದರೆ ಸಡಿಲವಾಗಿದೆ ಅಂತ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ.

ಪಂಕ್ಚರ್ ಹಾಕುವುದನ್ನು ಮನೆಯಂಗಳದಲ್ಲಿ ಒಮ್ಮೆ ಮಾಡಿ ನೋಡಿ. ಟ್ಯೂಬ್‌ಲೆಸ್ ಆದರೆ ಸುಲಭ: ಮೊಳೆ ಕೀಳಿ, ತೂತನ್ನು ರೀಮರ್ ಎಂಬ ಒರಟು ಕಡ್ಡಿಯಿಂದ ಉಜ್ಜಿ, ಅಂಟು ಸವರಿದ ಬತ್ತಿ ತುರುಕಿ, ಹೊರಗಿನ ತುದಿ ಕತ್ತರಿಸಿ, ಗಾಳಿ ತುಂಬಿ. ಹತ್ತು ಹದಿನೈದು ನಿಮಿಷ ಸಾಕು. ಟ್ಯೂಬ್ ಇರುವ ಗಾಡಿಯಾದರೆ ಚಕ್ರ ಬಿಚ್ಚಬೇಕು, ಟೈರ್ ಲಿವರ್ ಬೇಕು, ಹೊಸ ಟ್ಯೂಬ್ ಬೇಕು. ಮೊದಲ ಸಲ ನನಗೆ ಎರಡು ಗಂಟೆ ಹಿಡಿದಿತ್ತು, ಅದರಲ್ಲಿ ಅರ್ಧ ಗಂಟೆ ಕಳೆದುಹೋದ ಸ್ಪೇಸರ್ (ಚಕ್ರದ ಪಕ್ಕ ಕೂರುವ ಸಣ್ಣ ಉಂಗುರ) ಹುಡುಕಿದ್ದು. ರಸ್ತೆ ಪಕ್ಕದ ಹುಲ್ಲಿನಲ್ಲಾಗಿದ್ದರೆ ಅದು ಸಿಗುತ್ತಲೇ ಇರಲಿಲ್ಲ. ಬಟ್ಟೆ ಹಾಸಿಕೊಂಡು ಕೆಲಸ ಮಾಡಬೇಕು ಅಂತ ಆಗ ಬುದ್ಧಿ ಬಂತು.

ಟೂಲ್ ಕಿಟ್ ಬಗ್ಗೆ ಒಂದು ಅಳತೆಗೋಲು: ನಿಮಗೆ ಬಳಸಲು ಬಾರದ ಪಾನಾ ಬೇಡ. ಚಕ್ರ ಬಿಚ್ಚುವ ಸ್ಪ್ಯಾನರ್, ಸ್ಪಾರ್ಕ್ ಪ್ಲಗ್ ಸ್ಪ್ಯಾನರ್, ಅಲೆನ್ ಕೀ, ಇಕ್ಕಳ, ಒಂದು ಸ್ಪಾರ್ಕ್ ಪ್ಲಗ್, ನಿಮ್ಮ ಗಾಡಿಯದೇ ಅಳತೆಯ ಫ್ಯೂಸ್‌ಗಳು, ಕೇಬಲ್ ಟೈ, ಗಟ್ಟಿ ಟೇಪ್, ಸಣ್ಣ ಪಂಪ್, ತಲೆಗೆ ಕಟ್ಟುವ ಟಾರ್ಚ್. ಇಷ್ಟರಲ್ಲಿ ಬಹುತೇಕ ಕೆಲಸ ಆಗುತ್ತದೆ.

3. ಲಗೇಜ್

ಮ್ಯಾನುಯಲ್‌ನಲ್ಲಿ ಗರಿಷ್ಠ ಭಾರ ಅಂತ ಒಂದು ಸಂಖ್ಯೆ ಇರುತ್ತದೆ. ಅದು ನಿಮ್ಮನ್ನೂ ಸೇರಿಸಿ. ನಿಮ್ಮ ತೂಕ, ಹೆಲ್ಮೆಟ್ಟು ಜಾಕೆಟ್ಟು, ಬ್ಯಾಗುಗಳ ಕಬ್ಬಿಣದ ಚೌಕಟ್ಟು ಎಲ್ಲ ಕಳೆದ ಮೇಲೆ ಉಳಿದದ್ದು ಸಾಮಾನಿಗೆ. ಒಬ್ಬರಿಗೆ 20 ಕೆ.ಜಿ. ಧಾರಾಳವಾಗಿ ಸಾಕು.

ಭಾರದ ವಸ್ತು ಕೆಳಗೆ, ಎರಡು ಚಕ್ರಗಳ ನಡುವೆ, ನಿಮ್ಮ ಹತ್ತಿರ ಇರಲಿ. ಟೂಲ್ ಕಿಟ್, ನೀರು ಸ್ಯಾಡಲ್ ಬ್ಯಾಗಿನ ತಳಕ್ಕೆ. ಬಟ್ಟೆ, ಮಲಗುವ ಚೀಲದಂಥ ಹಗುರ ವಸ್ತು ಹಿಂದಿನ ಸೀಟಿನ ಮೇಲೆ. ಇದನ್ನು ತಿರುಗಾಮುರುಗಾ ಮಾಡಿ ಕ್ಯಾರಿಯರಿನ ತುದಿಯಲ್ಲಿ ಭಾರ ಹೇರಿದರೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಅಲುಗಲು ಶುರುವಾಗುತ್ತದೆ, ಅದೂ ವೇಗದಲ್ಲಿ. ಎಡ ಬಲ ತೂಕ ಸಮ ಇರಲಿ.

ಬಂಜಿ ಹಗ್ಗವನ್ನೊಂದನ್ನೇ ನಂಬಬೇಡಿ. ಅದು ಹಿಗ್ಗುತ್ತದೆ, ಗುಂಡಿ ಹಾರಿದಾಗ ಕೊಕ್ಕೆ ಕಳಚುತ್ತದೆ. ಬಕಲ್ ಇರುವ ಪಟ್ಟಿ ಹಾಕಿ ಬಿಗಿದು, ಉಳಿದ ತುದಿಯನ್ನು ಗಂಟು ಹಾಕಿ ಒಳಗೆ ಸಿಕ್ಕಿಸಿ. ನೇತಾಡುವ ತುದಿ ಚಕ್ರಕ್ಕೋ ಚೈನಿಗೋ ಸಿಕ್ಕರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ, ನೀವು ಮಾತ್ರ ಮುಂದೆ ಹೋಗುತ್ತೀರಿ.

ರೈನ್‌ಕೋಟ್ ಎಲ್ಲಕ್ಕಿಂತ ಮೇಲೆ ಇರಲಿ. ಇನ್ನೊಂದು ಕೀ ಬೇಕೇ ಬೇಕು, ಆದರೆ ಬೀಗ ಹಾಕಿದ ಪೆಟ್ಟಿಗೆಯೊಳಗೆ ಇಡಬೇಡಿ. ನಗಬೇಡಿ, ನಾನು ಹಾಗೇ ಮಾಡಿದ್ದೆ. ಅದನ್ನು ಜಾಕೆಟ್ಟಿನ ಒಳಜೇಬಿಗೆ ಹೊಲಿದುಬಿಡಿ. ದುಡ್ಡು, ಕಾರ್ಡು ಎರಡು ಬೇರೆ ಬೇರೆ ಕಡೆ ಇರಲಿ.

4. ಮೈಮೇಲೆ

ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಒಳ್ಳೆಯ ದರ್ಜೆಯದು. ಯುರೋಪಿನ ಸುರಕ್ಷತಾ ಗುರುತು ಇಸಿಇ 22.06 ಇದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಹೊಸ ಹೆಲ್ಮೆಟ್ ಹಾಕಿಕೊಂಡು ದೂರ ಹೊರಡಬೇಡಿ. ಅಂಗಡಿಯಲ್ಲಿ ಐದು ನಿಮಿಷ ಸರಿಯಾಗಿದ್ದದ್ದು ಮೂರನೇ ಗಂಟೆಗೆ ಹಣೆ ಒತ್ತುತ್ತದೆ. ಜಾಕೆಟ್, ಮೊಣಕಾಲಿಗೆ ಪ್ಯಾಡ್ ಇರುವ ಪ್ಯಾಂಟ್, ಗ್ಲೌಸ್, ಗಿಣ್ಣು ಮುಚ್ಚುವ ಶೂ. ಬಿದ್ದಾಗ ಎಲ್ಲರೂ ಕೈಯೂರುತ್ತಾರೆ. ಹಾಗಾಗಿ ಗ್ಲೌಸ್ ಇಲ್ಲದೆ ಪಕ್ಕದ ಬೀದಿಗೂ ಹೋಗಬೇಡಿ ಅನ್ನುತ್ತೇನೆ.

ಇಯರ್ ಪ್ಲಗ್ ಬಗ್ಗೆ ಯಾರೂ ಹೇಳುವುದಿಲ್ಲ. 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಸದ್ದು 90 ಡೆಸಿಬೆಲ್ ದಾಟುತ್ತದೆ. ದಿನವಿಡೀ ಅದನ್ನು ಕೇಳಿದರೆ ಕಿವಿಗೂ ಕೆಟ್ಟದ್ದು, ದಣಿವೂ ಜಾಸ್ತಿ. ಮೆತ್ತನೆಯ ಫೋಮ್ ಪ್ಲಗ್ ಹಾಕಿಕೊಂಡ ಮೊದಲ ದಿನ ಸಂಜೆ ನನಗೆ ಇನ್ನೂ ಓಡಿಸಬಹುದು ಅನ್ನಿಸಿತ್ತು. ಇಂಜಿನ್ ಸದ್ದು, ಹಾರ್ನ್ ಕೇಳಿಸುತ್ತದೆ, ಭಯ ಬೇಡ. ಕೆಲವು ಕಡೆ ಕಾನೂನು ಒಪ್ಪುವುದಿಲ್ಲ, ಹೋಗುವ ಜಾಗದ ನಿಯಮ ನೋಡಿಕೊಳ್ಳಿ.

ಚಳಿ, ಸೆಕೆ ಎರಡರಲ್ಲೂ ಗಾಳಿ ಲೆಕ್ಕ ತಪ್ಪಿಸುತ್ತದೆ. ಥರ್ಮಾಮೀಟರ್ 10 ಡಿಗ್ರಿ ಅಂದರೂ 80ರ ವೇಗದಲ್ಲಿ ಬಯಲಿಗೆ ಬಿದ್ದ ಚರ್ಮಕ್ಕೆ ಅದು ಸುಮಾರು 4 ಡಿಗ್ರಿ. ಮೊದಲು ಮರಗಟ್ಟುವುದು ಬೆರಳು, ಅಂದರೆ ಕ್ಲಚ್ಚು ಬ್ರೇಕು ಹಿಡಿಯುವ ಬೆರಳು. ಸೆಕೆಯಲ್ಲಿ ಇದರ ಉಲ್ಟಾ. ಗಾಳಿಯ ಬಿಸಿ ಮೈಬಿಸಿಗಿಂತ ಜಾಸ್ತಿಯಾದಾಗ, ಅಂದರೆ 37-38 ಡಿಗ್ರಿ ದಾಟಿದಾಗ, ಜಾಕೆಟ್ ಬಿಚ್ಚಿ ಓಡಿಸಿದರೆ ತಂಪಾಗುವುದಿಲ್ಲ. ಬಿಸಿಗಾಳಿ ನೇರವಾಗಿ ಮೈಗೆ ಬಡಿದು ಬೆವರನ್ನೆಲ್ಲ ಒಣಗಿಸುತ್ತದೆ. ಒಳಗಿನ ಬನಿಯನ್ ನೀರಲ್ಲಿ ಅದ್ದಿ ಹಾಕಿಕೊಂಡು, ಜಾಕೆಟ್ಟಿನ ಗಾಳಿಕಿಂಡಿಗಳನ್ನು ಸ್ವಲ್ಪವೇ ತೆರೆದು ಓಡಿಸಿ. ತಂಪು ಎಷ್ಟೋ ಹೊತ್ತು ಉಳಿಯುತ್ತದೆ.

5. ಮನೆಯಲ್ಲಿ ಒಬ್ಬರು

ನಿಮ್ಮ ದಾರಿ ಪೂರ್ತಿ ಗೊತ್ತಿರುವ ಒಬ್ಬರು ಮನೆಯಲ್ಲಿರಬೇಕು. ಒಬ್ಬರು ಸಾಕು, ಹತ್ತು ಜನ ಬೇಡ. ಅವರ ಜೊತೆ ಕೂತು ಎರಡು ವಿಷಯ ಮಾತಾಡಿಕೊಳ್ಳಿ: ದಿನಾ ಎಷ್ಟು ಹೊತ್ತಿಗೆ ಮೆಸೇಜ್ ಬರುತ್ತದೆ, ಬರದಿದ್ದರೆ ಏನು ಮಾಡಬೇಕು. ನನ್ನ ಒಪ್ಪಂದ ಹೀಗಿದೆ. ರಾತ್ರಿ 8ಕ್ಕೆ ಮೆಸೇಜ್. 10ರವರೆಗೂ ಬರದಿದ್ದರೆ ಅವರು ಫೋನ್ ಮಾಡುತ್ತಾರೆ. ಸಿಗದಿದ್ದರೆ ನಾನು ಉಳಿಯಬೇಕಿದ್ದ ಜಾಗಕ್ಕೆ ಫೋನ್. ಅಲ್ಲಿಗೂ ಬಂದಿಲ್ಲ ಅಂದರೆ ಆ ಭಾಗದ ಪೊಲೀಸರಿಗೆ, ಗಾಡಿ ನಂಬರ್ ಮತ್ತು ಕೊನೆಗೆ ಮೆಸೇಜ್ ಬಂದ ಜಾಗದ ಹೆಸರಿನ ಜೊತೆ. ಇದನ್ನು ಬರೆದು ಅವರ ಕೈಗೆ ಕೊಟ್ಟಿದ್ದೇನೆ, ಯಾಕೆಂದರೆ ಗಾಬರಿಯಾದ ತಲೆಯೂ ದಣಿದ ತಲೆಯ ಹಾಗೇ.

ಜಾಕೆಟ್ಟಿನ ಎದೆಜೇಬಿನಲ್ಲಿ ಒಂದು ಕಾರ್ಡ್: ಹೆಸರು, ರಕ್ತದ ಗುಂಪು, ಅಲರ್ಜಿ, ತೆಗೆದುಕೊಳ್ಳುವ ಔಷಧಿ, ಫೋನ್ ಮಾಡಬೇಕಾದವರ ನಂಬರ್. ಫೋನ್ ಲಾಕ್ ಆಗಿದ್ದರೂ ಕಾಣುವ ಎಮರ್ಜೆನ್ಸಿ ಮಾಹಿತಿಯಲ್ಲೂ ಇದನ್ನೇ ತುಂಬಿ. ಬಹಳಷ್ಟು ದೇಶಗಳಲ್ಲಿ ಮೊಬೈಲಿನಿಂದ 112 ಒತ್ತಿದರೆ ತುರ್ತು ಸೇವೆಗೆ ಹೋಗುತ್ತದೆ. ಲೈಸೆನ್ಸ್, ಗಾಡಿಯ ದಾಖಲೆ, ಇನ್ಶೂರೆನ್ಸ್ ಇವುಗಳ ಪ್ರತಿ ಫೋನಿನಲ್ಲೂ ಇರಲಿ, ಕಾಗದದಲ್ಲೂ ಇರಲಿ. ಗಡಿ ದಾಟುವವರಿಗೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕಾಗಬಹುದು, ಕೆಲವು ದೇಶಗಳಿಗೆ ಗಾಡಿಗೆ ಕಾರ್ನೆ ಎಂಬ ಕಸ್ಟಮ್ಸ್ ಪತ್ರವೂ.

ದಾರಿಯಲ್ಲಿ ಮಾತಿಗೆ ಸಿಕ್ಕವರು ‘ಒಬ್ಬರೇನಾ? ರಾತ್ರಿ ಎಲ್ಲಿ?’ ಅಂತ ಕೇಳುತ್ತಾರೆ. ಬಹುಪಾಲು ಜನ ಪ್ರೀತಿಯಿಂದಲೇ ಕೇಳುವುದು. ಆದರೂ ‘ಸ್ನೇಹಿತರು ಹಿಂದೆ ಬರ್ತಿದ್ದಾರೆ’ ಅನ್ನುವ ಒಂದು ಸಣ್ಣ ಸುಳ್ಳು ಜೇಬಿನಲ್ಲಿರಲಿ.

6. ರಸ್ತೆಯಲ್ಲಿ

ಬೆಳಕು ಹರಿಯುತ್ತಿದ್ದಂತೆ ಹೊರಡಿ. ಮೊದಲ ಅರ್ಧ ಗಂಟೆ ನಿಧಾನ. ಟೈರ್ ಬಿಸಿಯಾಗಬೇಕು, ನೀವೂ ಬಿಸಿಯಾಗಬೇಕು. ಒಂದು, ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ಗಾಡಿಯಿಂದ ಇಳಿಯಿರಿ, ನೂರು ಹೆಜ್ಜೆ ನಡೆಯಿರಿ, ನೀರು ಕುಡಿಯಿರಿ. ಬಾಯಾರುವವರೆಗೆ ಕಾಯಬೇಡಿ. ಮಧ್ಯಾಹ್ನ ಹೊಟ್ಟೆ ತುಂಬಾ ಉಂಡರೆ 2ರಿಂದ 4ರ ನಡುವೆ ಅದು ಸೇಡು ತೀರಿಸಿಕೊಳ್ಳುತ್ತದೆ.

ನಿದ್ದೆಯ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಎರಡು ಸೆಕೆಂಡ್ ಕಣ್ಣು ಮುಚ್ಚಿದರೆ 44 ಮೀಟರ್ ಯಾರೂ ಓಡಿಸದ ಗಾಡಿ. ಕಣ್ಣೆಳೆಯುವುದು ಕೊನೆಯ ಲಕ್ಷಣ. ಅದಕ್ಕೂ ಮೊದಲು ಬೇರೆ ಸುಳಿವು ಬರುತ್ತವೆ. ಗೇರ್ ತಪ್ಪಾಗಿ ಬೀಳುತ್ತದೆ, ಇಂಡಿಕೇಟರ್ ಆಫ್ ಮಾಡಲು ಮರೆಯುತ್ತೀರಿ, ಸುಮ್ಸುಮ್ನೆ ಸಿಟ್ಟು ಬರುತ್ತದೆ, ಬ್ರೇಕ್ ಯಾವಾಗಲೂ ಒಂದು ಕ್ಷಣ ತಡ. ಆಗ ಹಾಡು ಹೇಳುವುದು, ವೈಸರ್ ಎತ್ತಿ ಗಾಳಿ ಬಿಟ್ಟುಕೊಳ್ಳುವುದು ಎಲ್ಲ ವ್ಯರ್ಥ. ನಿಲ್ಲಿಸಿ, 15-20 ನಿಮಿಷ ಮಲಗಿ. ಕಾಫಿ ಕುಡಿಯುವುದಾದರೆ ಮಲಗುವ ಮೊದಲು ಕುಡಿಯಿರಿ. ಅದು ಕೆಲಸ ಶುರು ಮಾಡುವುದಕ್ಕೆ ಸುಮಾರು ಅಷ್ಟೇ ಹೊತ್ತು ಬೇಕು, ಏಳುವಾಗ ಎರಡೂ ಸೇರುತ್ತವೆ.

ಮುಂದಿನ ಗಾಡಿಗೂ ನಿಮಗೂ ಎರಡು ಸೆಕೆಂಡಿನ ಅಂತರ, ಮಳೆಯಲ್ಲಿ ನಾಲ್ಕು. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲಲು ನಾಲ್ಕರಷ್ಟು ದೂರ ಬೇಕು. ತಿರುವಿನಲ್ಲಿ ನೀವು ಎಲ್ಲಿ ನೋಡುತ್ತೀರೋ ಗಾಡಿ ಅಲ್ಲಿಗೇ ಹೋಗುತ್ತದೆ. ಗುಂಡಿಯನ್ನೇ ದಿಟ್ಟಿಸಿದರೆ ಗುಂಡಿಗೇ ಬೀಳುತ್ತೀರಿ. ತಿರುವು ಅಂದುಕೊಂಡದ್ದಕ್ಕಿಂತ ಕಡಿದಾಗಿದ್ದರೆ ಗಾಬರಿಯಿಂದ ಬ್ರೇಕ್ ಹಿಡಿಯುವ ಬದಲು ತಿರುಗಬೇಕಾದ ಕಡೆಯ ಹ್ಯಾಂಡಲನ್ನು ಮುಂದಕ್ಕೆ ಒತ್ತಿ. ಎಡಕ್ಕೆ ಹೋಗಬೇಕೆಂದರೆ ಎಡಗೈ ಮುಂದಕ್ಕೆ. ಕೇಳಲು ವಿಚಿತ್ರ, ಆದರೆ ವೇಗದಲ್ಲಿ ಗಾಡಿ ವಾಲುವುದೇ ಹಾಗೆ. ಖಾಲಿ ರಸ್ತೆಯಲ್ಲಿ ಮೊದಲು ಅಭ್ಯಾಸ ಮಾಡಿ.

ಮಳೆ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ತುಂಬಾ ಜಾರುತ್ತದೆ. ಧೂಳು, ಆಯಿಲ್ ನೀರಿಗೆ ಸೇರಿ ಸಾಬೂನಿನಂತಾಗಿರುತ್ತದೆ. ಆ ಹೊತ್ತು ಎಲ್ಲಾದರೂ ನಿಲ್ಲಿ. ಆಮೇಲೂ ರಸ್ತೆಯ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳಗಳ ಮೇಲೆ ಬ್ರೇಕ್ ಬೇಡ, ರೈಲು ಹಳಿಯನ್ನು ನೇರ ಅಡ್ಡಕ್ಕೆ ದಾಟಿ. ಸಿಡಿಲಿದ್ದರೆ ಕಟ್ಟಡದೊಳಗೆ ಹೋಗಿ, ರಬ್ಬರ್ ಟೈರ್ ಕಾಪಾಡುತ್ತದೆ ಅನ್ನೋದು ಬರೀ ಮಾತು. ಹರಿಯುವ ನೀರಿಗೆ ಮೊದಲು ಕಾಲಿಟ್ಟು ನಡೆದು ನೋಡಿ. ನಡೆಯಲು ಭಯವಾಗುವ ನೀರಿಗೆ ಒಬ್ಬರೇ ಇದ್ದಾಗ ಗಾಡಿ ಇಳಿಸಬೇಡಿ, ವಾಪಸ್ ತಿರುಗಿ. ಇಂಜಿನ್ನಿಗೆ ನೀರು ಹೋಗಿ ನಿಂತರೆ ಸ್ಟಾರ್ಟ್ ಮಾಡಲು ಹೋಗಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಏರ್ ಫಿಲ್ಟರ್ ನೋಡಿ, ನೀರು ಹೊರಹಾಕಿದ ಮೇಲೆ ಮಾತ್ರ.

ಎತ್ತರದ ಬೆಟ್ಟಗಳಿಗೆ ಹೋಗುವವರಿಗೆ ಎರಡು ಮಾತು. ಪ್ರತಿ 1,000 ಮೀಟರಿಗೆ ಇಂಜಿನ್ನಿನ ಶಕ್ತಿ ಸುಮಾರು ಶೇ. 10 ಇಳಿಯುತ್ತದೆ. ಕಾರ್ಬ್ಯುರೇಟರ್ ಗಾಡಿ ಪೆಟ್ರೋಲ್ ಜಾಸ್ತಿಯಾಗಿ ಉಸಿರುಗಟ್ಟಿದಂತೆ ಓಡುತ್ತದೆ, ಫ್ಯೂಯಲ್ ಇಂಜೆಕ್ಷನ್ ತಾನೇ ಹೊಂದಿಸಿಕೊಳ್ಳುತ್ತದೆ. ನಿಮ್ಮ ಮೈಗೆ ಇಂಜೆಕ್ಷನ್ ಇಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ. ತಲೆನೋವು, ವಾಂತಿ ಶುರುವಾದರೆ ಮೇಲೆ ಹೋಗುವುದು ಬಿಡಿ. ಇನ್ನೂ ಜಾಸ್ತಿಯಾದರೆ ಕೆಳಗೆ ಇಳಿಯಿರಿ.

7. ಎಡವಟ್ಟಾದಾಗ

ನಿಂತಲ್ಲೇ ಗಾಡಿ ಬೀಳುವುದು ಎಲ್ಲರಿಗೂ ಆಗುತ್ತದೆ. ಮೊದಲು ಕಿಲ್ ಸ್ವಿಚ್, ಅಂದರೆ ಹ್ಯಾಂಡಲ್ ಮೇಲಿರುವ ಇಂಜಿನ್ ಆಫ್ ಮಾಡುವ ಸ್ವಿಚ್ ಒತ್ತಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರಕ್ಕೆ ಹಾಕಿಡಿ, ಇಲ್ಲದಿದ್ದರೆ ಎತ್ತಿದ ಗಾಡಿ ಎಡಕ್ಕೆ ಬೀಳುತ್ತದೆ. ಗೇರಿನಲ್ಲಿರಲಿ, ಉರುಳಬಾರದು. ಬಿದ್ದ ಕಡೆಗೆ ಹ್ಯಾಂಡಲ್ ಪೂರ್ತಿ ತಿರುಗಿಸಿ. ಗಾಡಿಗೆ ಬೆನ್ನು ಮಾಡಿ ಸೀಟಿನ ಅಂಚಿಗೆ ಸೊಂಟ ಕೊಟ್ಟು ಕುಕ್ಕರಗಾಲಿನಲ್ಲಿ ಕೂರಿ. ಒಂದು ಕೈಯಲ್ಲಿ ಕೆಳಗಿನ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ. ಬೆನ್ನು ನೇರವಿಟ್ಟು ಕಾಲಿನ ಬಲದಿಂದ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಎದ್ದರೆ 200 ಕೆ.ಜಿ. ಗಾಡಿಯೂ ಏಳುತ್ತದೆ. ಮೊದಲು ಲಗೇಜ್ ಬಿಚ್ಚಿದರೆ ಇನ್ನೂ ಸುಲಭ.

ಸ್ಟಾರ್ಟ್ ಆಗದಿದ್ದರೆ ಸುಲಭದ್ದನ್ನು ಮೊದಲು ನೋಡಿ. ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್, ನ್ಯೂಟ್ರಲ್, ಪೆಟ್ರೋಲ್, ಫ್ಯೂಸ್, ಬ್ಯಾಟರಿ ಟರ್ಮಿನಲ್. ಕೆಲವು ಗಾಡಿಗಳಲ್ಲಿ ಬಿದ್ದ ಕೂಡಲೇ ಇಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ, ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಕಿಲ್ ಸ್ವಿಚ್ ಒತ್ತಿದ್ದು ಮರೆತು ಅರ್ಧ ಗಂಟೆ ಗಾಡಿ ಬಿಚ್ಚಿದವರು ನಾನೊಬ್ಬನೇ ಅಲ್ಲ ಅಂದುಕೊಂಡಿದ್ದೇನೆ.

ಓಡುತ್ತಿರುವಾಗ ಬಿದ್ದರೆ ತಕ್ಷಣ ಎದ್ದು ನಿಲ್ಲಬೇಡಿ. ಗಾಡಿಗಳು ಬರುತ್ತಿದ್ದರೆ ಮಾತ್ರ ಪಕ್ಕಕ್ಕೆ ಸರಿಯಿರಿ. ಬೆರಳು, ಕಾಲು, ಕುತ್ತಿಗೆ ಒಂದೊಂದಾಗಿ ಆಡಿಸಿ ನೋಡಿ. ಕುತ್ತಿಗೆ ನೋವಿದ್ದರೆ ಹೆಲ್ಮೆಟ್ ತೆಗೆಯಬೇಡಿ, ಸಹಾಯ ಬರುವವರೆಗೆ ಅಲುಗಬೇಡಿ. ಏನೂ ಆಗಿಲ್ಲ ಅನ್ನಿಸಿದರೂ ಅರ್ಧ ಗಂಟೆ ಕೂತಿರಿ. ಆ ಹೊತ್ತಿನಲ್ಲಿ ನೋವು ಗೊತ್ತಾಗುವುದಿಲ್ಲ, ಆಮೇಲೆ ಗೊತ್ತಾಗುತ್ತದೆ. ತಲೆಗೆ ಪೆಟ್ಟಾಗಿದ್ದರೆ ಆ ದಿನ ಮತ್ತೆ ಹತ್ತಬೇಡಿ, ಡಾಕ್ಟರಿಗೆ ತೋರಿಸಿ. ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿಯಿತು, ಹೊಸದು ತೆಗೆದುಕೊಳ್ಳಿ.

8. ಸಂಜೆ, ಮತ್ತು ಕೊನೆಯ ದಿನ

ರೂಮಿಗೆ ಹೋಗುವ ಮೊದಲು ಗಾಡಿಗೆ ಹತ್ತು ನಿಮಿಷ ಕೊಡಿ. ಒಳಗೆ ಹೋಗಿ ಶೂ ಬಿಚ್ಚಿದ ಮೇಲೆ ಯಾರೂ ಹೊರಗೆ ಬರುವುದಿಲ್ಲ. ಟೈರಿನಲ್ಲಿ ಮೊಳೆ ಇದೆಯಾ, ಇಂಜಿನ್ ಕೆಳಗೆ ಆಯಿಲ್ ಹನಿ ಇದೆಯಾ, ಪೇಂಟ್ ಗೆರೆಗಳು ಸರಿದಿವೆಯಾ, ಚೈನ್, ಲೈಟು. ರಾತ್ರಿ ಮೊಳೆ ಕಂಡರೆ ಪಂಕ್ಚರ್ ಹಾಕಿಸಲು ಬೆಳಿಗ್ಗೆ ಇದೆ.

ಮೂರನೇ ದಿನದ ಹೊತ್ತಿಗೆ ಒಂಟಿತನ ಒಮ್ಮೆ ಬಂದು ಕೂರುತ್ತದೆ. ‘ಯಾಕಪ್ಪಾ ಬಂದೆ’ ಅನ್ನಿಸುತ್ತದೆ. ಆ ರಾತ್ರಿ ಯಾವ ತೀರ್ಮಾನವೂ ಬೇಡ. ಊಟ ಮಾಡಿ ಮಲಗಿ, ಬೆಳಿಗ್ಗೆ ನೋಡಿ. ಬೆಳಿಗ್ಗೆಯೂ ಹಾಗೇ ಅನ್ನಿಸಿದರೆ ವಾಪಸ್ ಹೋಗಿ. ಎರಡು ಸಲ ನಾನು ಅರ್ಧ ದಾರಿಯಿಂದ ಹಿಂದಿರುಗಿದ್ದೇನೆ, ಯಾರೂ ಏನೂ ಅನ್ನಲಿಲ್ಲ.

ವಾಪಸ್ ಬರುವ ದಿನದ ಬಗ್ಗೆ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ. ಮೈ ದಣಿದಿರುತ್ತದೆ, ಮನಸ್ಸು ಆಗಲೇ ಮನೆ ಸೇರಿರುತ್ತದೆ. ಸಂಜೆ 5 ಆಗಿ ಮನೆ ಇನ್ನೂ 120 ಕಿ.ಮೀ. ದೂರವಿದ್ದರೆ ಯಾರು ತಾನೇ ನಿಲ್ಲಿಸುತ್ತಾರೆ? ಅದಕ್ಕೇ ಕೊನೆಯ ದಿನದ ದೂರ ಬೇರೆ ದಿನಗಳ ಅರ್ಧ ಇಟ್ಟುಕೊಳ್ಳಿ, ಮಧ್ಯಾಹ್ನಕ್ಕೇ ಮನೆ ಸೇರುವ ಹಾಗೆ.

ಮನೆಗೆ ಬಂದ ಮರುದಿನ ಗಾಡಿ ತೊಳೆದು ಚೈನಿಗೆ ಲ್ಯೂಬ್ ಹೊಡೆಯಿರಿ, ಸಡಿಲವಾದದ್ದು, ಸವೆದದ್ದು ಬರೆದಿಡಿ. ಬ್ಯಾಗಿನಲ್ಲಿದ್ದದ್ದನ್ನೆಲ್ಲ ನೆಲಕ್ಕೆ ಸುರಿದು, ಒಮ್ಮೆಯೂ ಮುಟ್ಟದ್ದನ್ನು ಒಂದು ಪಕ್ಕಕ್ಕೆ ಹಾಕಿ. ಟೂಲ್ ಕಿಟ್, ಔಷಧಿ, ರೈನ್‌ಕೋಟ್ ಬಿಟ್ಟು ಆ ಗುಡ್ಡೆಯಲ್ಲಿದ್ದದ್ದು ಯಾವುದೂ ಮುಂದಿನ ಸಲ ಬೇಡ. ನನ್ನ ಗುಡ್ಡೆಯಲ್ಲಿ ಮೂರು ಸಲವೂ ಒಂದೇ ದಪ್ಪ ಪುಸ್ತಕ ಸಿಕ್ಕಿತು. ನಾಲ್ಕನೇ ಸಲ ಹೊರಡುವ ಮೊದಲು ಚೀಟಿಗೆ ಐದನೇ ಸಾಲು ಸೇರಿಸಿದೆ: ಪುಸ್ತಕ ಮನೆಯಲ್ಲೇ ಇರಲಿ.